ಓಡುಂಗ ಸಾರ್

ಅಣ್ಣಾ ನಗರದಲ್ಲಿ ನಾವು ಫ್ಲ್ಯಾಟ್ ಕೊಂಡು ಗೃಹಪ್ರವೇಶ ಮಾಡಿದ ದಿನ ಬಂದವರೆಲ್ಲ ಅಡುಗೆಮನೆ ನೋಡಿದರು, ಬಾಲ್ಕನಿ ನೋಡಿದರು, ನೆಲಕ್ಕೆ ಹಾಕಿದ ಟೈಲ್ಸ್ ಎಲ್ಲಿಯದು ಎಂದು ವಿಚಾರಿಸಿದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಇವರೊಬ್ಬರು ಮಾತ್ರ ಚಪ್ಪಲಿ ಬಿಡುವುದಕ್ಕೂ ಮೊದಲೇ, "ಇನ್ನೊಂದು ಮೆಟ್ಲು ಎಲ್ಲಿದೆ ಮಾರಾಯ್ರೆ?" ಎಂದು ಕೇಳಿದರು.

ಲಿಫ್ಟ್ ಇದೆಯಲ್ಲ ಎಂದರು ನನ್ನ ಗಂಡ.

"ಲಿಫ್ಟ್ ಇದ್ದದ್ದು ಕಂಡೆ. ಬೆಂಕಿ ಬಿದ್ದ ದಿನ ಎಂತ ಮಾಡ್ತೀರಿ ಅಂತ ಕೇಳಿದ್ದು."

ದಾವಣಗೆರೆಯಿಂದ ಬಂದಿದ್ದ ನಮ್ಮತ್ತೆಯ ಮುಖ ಕಪ್ಪಿಟ್ಟಿತು. "ಶುಭದಿನ ಬೆಂಕಿ ಅಂತ ಬಾಯಿ ಬಿಟ್ರಲ್ಲವಾ, ಯಾರಿವ್ರು?" ಎಂದು ನನ್ನ ಕಿವಿಯಲ್ಲಿ ಗುಸುಗುಟ್ಟಿದರು. ಅಷ್ಟರಲ್ಲಿ ಇವರು ಹಿಂದಿನ ಮೆಟ್ಟಿಲನ್ನು ಹುಡುಕಿಕೊಂಡು ಹೋಗಿಯೂ ಆಗಿತ್ತು. ಅಲ್ಲಿ ಅಸೋಸಿಯೇಷನ್ನಿನ ಮುರಿದ ಕುರ್ಚಿಗಳು, ಯಾರದೋ ಮಗುವಿನ ಸೈಕಲ್ಲು, ಒಣಗಿದ ತುಳಸಿಯ ಕುಂಡಗಳು ತುಂಬಿದ್ದವು. ವಾಚ್‌ಮನ್‌ನನ್ನು ಕರೆಸಿ, ತಮ್ಮ ಬಿಳಿ ಅಂಗಿಯ ತೋಳು ಮಡಚಿ, ಅವನ ಜೊತೆ ತಾವೂ ಕೈಹಾಕಿ ಅದನ್ನೆಲ್ಲ ಕೆಳಗೆ ಇಳಿಸಿ ಬಂದ ಮೇಲೆಯೇ ಅವರು ಊಟಕ್ಕೆ ಕುಳಿತದ್ದು. ಹೋಳಿಗೆಯನ್ನು ಎರಡು ಸಲ ಕೇಳಿ ಹಾಕಿಸಿಕೊಂಡರು. ಅದನ್ನು ನೋಡಿದ ಮೇಲೆ ನಮ್ಮತ್ತೆಯ ಸಿಟ್ಟು ಅರ್ಧ ಇಳಿಯಿತು.

ಅವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾವು ಕೆಲಸ ಮಾಡಿದ ಡಿಪೋದಲ್ಲಿ ಆ ಹೆಸರು ಹಿಡಿದು ಅವರನ್ನು ಕರೆದವರೇ ಇರಲಿಲ್ಲ. ಈಗ ನಾನು ಬರೆದರೆ ಅದು ಬೇರೆ ಯಾರೋ ಅನ್ನಿಸುತ್ತದೆ. ಲಾರಿಯವರು, ಪಂಪಿನವರು, ಕ್ಯಾಂಟೀನಿನವರು ಎಲ್ಲರಿಗೂ ಅವರು 'ಓಡುಂಗ ಸಾರ್'. ತಮಿಳಿನಲ್ಲಿ ಓಡುಂಗ ಎಂದರೆ ಓಡಿ ಎಂದರ್ಥ. ವಾರಕ್ಕೊಮ್ಮೆ ಸೈರನ್ ಒತ್ತಿ, ಅಂಗಳದ ನಡುವೆ ನಿಂತು, ಸಣಕಲು ಮೈಯಿಂದ ಅಷ್ಟು ದೊಡ್ಡ ದನಿ ತೆಗೆದು "ಓಡುಂಗ, ಓಡುಂಗ" ಎಂದು ಅಟ್ಟುತ್ತಿದ್ದರಿಂದ ಬಂದ ಹೆಸರು ಅದು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವರಿಗೆ ಅದು ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು ಎಂದು ನನ್ನ ಅನುಮಾನ.

ನಮ್ಮ ಡಿಪೋ ಇರುವುದು ಉತ್ತರ ಚೆನ್ನೈನಲ್ಲಿ, ಎಣ್ಣೂರಿನ ಕಡೆಗೆ ಹೋಗುವ ದಾರಿಯಲ್ಲಿ. ಬಣ್ಣಕ್ಕೆ, ಅಂಟಿಗೆ, ಔಷಧಿಗೆ ಬೇಕಾದ ದ್ರಾವಕಗಳು ಟ್ಯಾಂಕರ್ ಲಾರಿಗಳಲ್ಲಿ ಬರುತ್ತವೆ, ದೊಡ್ಡ ಟ್ಯಾಂಕುಗಳಲ್ಲಿ ಕೂರುತ್ತವೆ, ಡ್ರಮ್ಮುಗಳಲ್ಲಿ ಹೊರಡುತ್ತವೆ. ನೋಡಲು ಎಲ್ಲವೂ ಕುಡಿಯುವ ನೀರಿನ ಹಾಗೆ ಇರುತ್ತವೆ, ಆದರೆ ಒಂದು ಕಿಡಿ ಸಾಕು. ಬಂದ ಮಾಲನ್ನು ಪರೀಕ್ಷಿಸುವ ಲ್ಯಾಬು ನನ್ನದು. ಅದು ಚೆಲ್ಲದಂತೆ, ಹೊತ್ತದಂತೆ, ಹೊತ್ತಿದರೆ ಯಾರೂ ಸಾಯದಂತೆ ನೋಡಿಕೊಳ್ಳುವ ಸೇಫ್ಟಿ ಆಫೀಸರ್ ಅವರು. ಅವರ ಕೈಕೆಳಗೆ ನಾಲ್ಕು ಜನರ ಬೆಂಕಿಪಡೆಯೊಂದಿತ್ತು.

ಕುಂದಾಪುರದ ಕಡೆಯವರು. ಅವರ ತಂದೆ ಅಡ್ಯಾರಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಈಗ ತಮ್ಮ ನಡೆಸುತ್ತಾರೆ. ಹೋಟೆಲಿನ ಹುಡುಗ ಕೆಮಿಸ್ಟ್ರಿ ಓದಿ ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಒಮ್ಮೆ ಕೇಳಿದ್ದೆ. ಚಿಕ್ಕಂದಿನಲ್ಲಿ, ಬಜ್ಜಿ ಕರಿಯುವ ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ಅಡುಗೆಯವರೊಬ್ಬರು ಗಾಬರಿಯಲ್ಲಿ ಅದರ ಮೇಲೆ ಒಂದು ಚೆಂಬು ನೀರು ಹೊಯ್ದದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಬೆಂಕಿ ಛಾವಣಿಗೆ ಹಾರಿತ್ತಂತೆ. "ನಮ್ಮಪ್ಪ ಒಂದು ದೊಡ್ಡ ಮುಚ್ಚಳ ತಂದು ಸುಮ್ನೆ ಮುಚ್ಚಿದ್ರು ಕಾಣಿ. ಅಷ್ಟೇ. ಮುಚ್ಚಿದ ಮೇಲೆ ಅದು ಬೆಂಕಿಯೇ ಅಲ್ಲ, ಬಿಸಿ ಬಾಣಲೆ." ಆ ಅಡುಗೆಯವರಿಗೆ ಏನಾಯಿತು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವರ ಪಾಠಗಳೆಲ್ಲ ಹೋಟೆಲಿನವೇ. ಉರಿಯುವ ದ್ರವದ ಮೇಲೆ ನೊರೆ ಹಾಕುವಾಗ ಹೊಸಬರು ಪೈಪನ್ನು ನೇರ ಬೆಂಕಿಗೇ ಹಿಡಿಯುತ್ತಾರೆ. ದ್ರವ ಸಿಡಿದು ಬೆಂಕಿ ಇನ್ನಷ್ಟು ಹರಡುತ್ತದೆ. "ದೋಸೆಹಿಟ್ಟನ್ನು ಕಾವಲಿಗೆ ಎಸೀತೀರಾ?" ಎಂದು ರೇಗುತ್ತಿದ್ದರು. ಹಿಂದಿನ ಗೋಡೆಗೆ ಹಿಡಿದರೆ ನೊರೆ ತಾನಾಗಿಯೇ ಜಾರಿ ಬಂದು ಮೆಲ್ಲಗೆ ಹಬ್ಬಬೇಕು. ರಾಸಾಯನಿಕಗಳನ್ನು ಗಿರಾಕಿಗಳ ಲೆಕ್ಕದಲ್ಲಿ ವಿಂಗಡಿಸಿದ್ದರು. ಡೀಸೆಲ್ ಎಂದರೆ ಪೇಪರು ಓದುತ್ತ ನಿಧಾನಕ್ಕೆ ಊಟ ಮಾಡುವ ಯಜಮಾನರು, ಸುಲಭಕ್ಕೆ ಎದ್ದು ಬರುವವರಲ್ಲ. ಹೆಕ್ಸೇನ್ ಎಂದರೆ ನಿಂತೇ ಕಾಫಿ ಕುಡಿದು ಓಡುವವರು. ಟೊಲ್ಯೂಯಿನ್ ಮಾತ್ರ ಕಳ್ಳಗಿರಾಕಿ. "ಅದರ ಆವಿ ಗಾಳಿಗಿಂತ ಭಾರ. ಮೇಲೆ ಹೋಗೂದಿಲ್ಲ, ನೆಲ ಹಿಡಿದು ಮೆಲ್ಲ ನಡೀತದೆ. ಚರಂಡಿ ಸಿಕ್ಕಿದ್ರೆ ಚರಂಡಿಯಲ್ಲಿ. ದೂರದಲ್ಲಿ ಎಲ್ಲೋ ಒಂದು ಒಲೆ ಕಂಡ್ರೆ ಅದನ್ನು ಮಾತಾಡಿಸಿ, ಬೆಂಕಿಯನ್ನು ಕೈಹಿಡಿದು ಇಲ್ಲಿಗೆ ಕರ್ಕೊಂಡು ಬರ್ತದೆ." ನಾನು ಎಂ.ಎಸ್ಸಿ.ಯಲ್ಲಿ ಓದಿದ್ದೂ ಇದನ್ನೇ. ಆದರೆ ಇವರು ಹೇಳಿದ ಮೇಲೆ ಆ ಆವಿ ನನಗೆ ಕಣ್ಣಿಗೇ ಕಾಣತೊಡಗಿತು.

ನನ್ನ ಮೊದಲ ಅಣಕು ಕಾರ್ಯಾಚರಣೆಯ ದಿನ ನಾನು ಕೈಚೀಲ ಎತ್ತಿಕೊಳ್ಳಲು ಲ್ಯಾಬಿನೊಳಕ್ಕೆ ಹಿಂತಿರುಗಿದ್ದೆ. ಎಲ್ಲರ ಮುಂದೆ ನಿಲ್ಲಿಸಿ, "ಮೇಡಂ, ನಿಮ್ಮ ಚೀಲಕ್ಕೆ ಮಕ್ಕಳಿದ್ದಾರಾ?" ಎಂದು ತಮಿಳಿನಲ್ಲಿ ಕೇಳಿದರು. ನನಗೂ ಮೂಗಿನ ತುದಿಯಲ್ಲೇ ಕೋಪ, ಕೋಪದಲ್ಲಿ ಬಾಯಿಗೆ ಬಂದದ್ದು ಕನ್ನಡ. "ಇಲ್ರಿ ಸರ್, ಆದ್ರ ನನ್ನ ಮನಿ ಕೀಲಿ ಅದರಾಗ ಐತ್ರಿ" ಎಂದೆ. ಅವರಿಗೆ ನಗು ಬಂತು. ಆವತ್ತೇ ನಾವಿಬ್ಬರೂ ಕನ್ನಡದವರೆಂದು ಪರಸ್ಪರ ಗೊತ್ತಾದದ್ದು. ನನ್ನ ಕನ್ನಡ ಅವರಿಗೆ ಜಗಳದ ಹಾಗೆ ಕೇಳುತ್ತಿತ್ತು, ಅವರದು ನನಗೆ ಹಾಡಿನ ಹಾಗೆ. ನನ್ನ ಮಗಳಿಗೆ ಎರಡೂ ಅರ್ಥವಾಗುತ್ತಿತ್ತು, ಅವಳು ಇಬ್ಬರಿಗೂ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು.

ಓಡುವುದರ ಬಗ್ಗೆ ಅವರಿಗೊಂದು ಶಾಸ್ತ್ರವೇ ಇತ್ತು. ಮೊದಲು ಗಾಳಿ ನೋಡಬೇಕು. ಗಾಳಿ ಎಲ್ಲಿಂದ ಬರುತ್ತಿದೆಯೋ ಆ ದಿಕ್ಕಿಗೆ, ಅದಕ್ಕೆ ಎದುರಾಗಿ ಓಡಬೇಕು. ಓಡಿ ಸುರಕ್ಷಿತ ಜಾಗದಲ್ಲಿ ನಿಂತ ಮೇಲೆ ಮಾತ್ರ ಹಿಂತಿರುಗಿ ನೋಡಬೇಕು, ಆಮೇಲೆ ಏನು ಮಾಡಬೇಕೆಂದು ಯೋಚಿಸಬೇಕು. ಇದು ಹೇಡಿತನ ಎಂದು ಪಂಪಿನ ಹುಡುಗರು ನಗುತ್ತಿದ್ದರು. "ಓಡಿದವ ನಾಳೆ ಬಂದು ಕೆಲಸ ಮಾಡ್ತಾನೆ" ಎಂದು ಅವರೂ ನಗುತ್ತಲೇ ಹೇಳುತ್ತಿದ್ದರು. ಮದುವೆ ಛತ್ರಗಳಲ್ಲಿ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ಮಗಳ ಮದುವೆಯ ಸೀರೆಗೆ ಮನೆಯವರು ಸೌಕಾರ್‌ಪೇಟೆಗೆ ಹೊರಟಾಗ ಜೊತೆಗೆ ಹೋಗಿ, ತಲೆಯ ಮೇಲೆ ಜೋತಾಡುವ ವೈರುಗಳು, ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದ ಓಣಿ, ಗಂಟುಗಂಟು ಬಟ್ಟೆ ನೋಡಿ ಓಣಿಯ ಬಾಯಿಯಲ್ಲೇ ನಿಂತುಬಿಟ್ಟರಂತೆ. "ಸೀರೆ ಅಗಲ ರಸ್ತೆಯಲ್ಲೂ ಸಿಕ್ತದೆ" ಎಂದರಂತೆ. ಹೆಂಡತಿ, ಮಗಳು ಒಳಗೆ ಹೋಗಿ ಆರಾಮವಾಗಿ ಮಧ್ಯಾಹ್ನದವರೆಗೆ ಸೀರೆ ಆರಿಸಿದರು. ಇವರು ಹೊರಗೆ ಬಿಸಿಲಲ್ಲಿ ಕಾದರು.

ಅವರಿಗೂ ನಮ್ಮ ಜನಕ್ಕೂ ವರ್ಷಕ್ಕೊಂದು ಯುದ್ಧ ನಡೆಯುತ್ತಿದ್ದದ್ದು ಆಯುಧಪೂಜೆಯ ದಿನ. ಆ ದಿನ ಚೆನ್ನೈನಲ್ಲಿ ಬೆಂಕಿ ಕಾಣದ ಬೀದಿ ಇರುವುದಿಲ್ಲ. ಪ್ರತಿ ಗ್ಯಾರೇಜು, ಪ್ರತಿ ವರ್ಕ್‌ಶಾಪಿನ ಮುಂದೆ ಬೂದುಗುಂಬಳಕಾಯಿಯ ನೆತ್ತಿಯ ಮೇಲೆ ಕರ್ಪೂರ ಹಚ್ಚಿ, ದೃಷ್ಟಿ ತೆಗೆದು ರಸ್ತೆಗೆ ಒಡೆಯುತ್ತಾರೆ. ವಾಹನಗಳ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಅದರ ಮೇಲೆ ಹಾಯಿಸುತ್ತಾರೆ. ನಮ್ಮ ಡಿಪೋದಲ್ಲೂ ಹಿಂದೆ ಟ್ಯಾಂಕಿನ ಬುಡದಲ್ಲೇ ಆರತಿ ಎತ್ತುತ್ತಿದ್ದರಂತೆ. ಇವರು ಬಂದು ಅದನ್ನು ನಿಲ್ಲಿಸಿದರು. ಕರ್ಪೂರ, ದೀಪ, ಊದುಬತ್ತಿ, ಕುಂಬಳಕಾಯಿ ಎಲ್ಲ ಗೇಟಿನ ಹೊರಗೆ. ಒಳಗೆ ಅರಿಶಿನ, ಕುಂಕುಮ, ಹೂವು ಮಾತ್ರ. ಗೇಟಿನ ಹೊರಗಿನ ಆರತಿ ತಟ್ಟೆಯ ಹತ್ತಿರವೂ ಆವಿ ಅಳೆಯುವ ಮೀಟರು ಹಿಡಿದು ನಿಲ್ಲುತ್ತಿದ್ದರು. ಪೂಜೆಗೆ ಬರುತ್ತಿದ್ದ ಗುರುಕ್ಕಳ್ ಒಮ್ಮೆ, "ಸಾಮಿಕ್ಕುಮ್ ಪರ್ಮಿಟ್ಟಾ ಸಾರ್?" ದೇವರಿಗೂ ಪರವಾನಗಿ ಬೇಕೇ ಎಂದು ಕೆಣಕಿದರು. "ಬೆಂಕಿ ಯಾರು ಹಚ್ಚಿದ್ರೂ ಬೇಕು" ಎಂದರು ಇವರು, ಮೀಟರಿನಿಂದ ಕಣ್ಣು ತೆಗೆಯದೆ. ಪೂಜೆ ಮುಗಿದ ಮೇಲೆ ಕುಂಬಳಕಾಯಿಯ ಚೂರುಗಳ ಮೇಲೆ ನೀರು ಸುರಿಸಿ, ಕಾಲಿಂದ ಹೊಸಕಿ ನೋಡಿ ಒಳಗೆ ಬರುವರು. ಬಂದವರೇ ಮೈ ಬಗ್ಗಿಸಿ ಟ್ಯಾಂಕಿಗೆ ನಮಸ್ಕಾರ ಮಾಡುವರು. ದೇವರ ಮೇಲೆ ಅವರಿಗೆ ನಮಗಿಂತ ಹೆಚ್ಚು ಭಕ್ತಿ ಇತ್ತು.

ಈಗ ಲಾರಿಯ ವಿಷಯಕ್ಕೆ ಬರಬೇಕು. ಅದನ್ನು ಬಿಟ್ಟು ಇವರ ಬಗ್ಗೆ ಬರೆದರೆ ಬರೆದ ಹಾಗಾಗುವುದಿಲ್ಲ.

ಡಿಪೋಗೆ ಮಾಲು ತರುತ್ತಿದ್ದವರಲ್ಲಿ ಹೊಸೂರಿನ ಡ್ರೈವರ್ ಒಬ್ಬರಿದ್ದರು. ಮನೆಮಾತು ಕನ್ನಡ, ಅದರಲ್ಲಿ ಅರ್ಧ ತಮಿಳು. ಬೇರೆಯವರ ಲಾರಿಗಳನ್ನು ವರ್ಷಗಟ್ಟಲೆ ಓಡಿಸಿ, ಕೊನೆಗೆ ತಮ್ಮದೇ ಒಂದು ಟ್ಯಾಂಕರ್ ಮಾಡಿಕೊಂಡಿದ್ದರು. ಮುಂದಿನ ಗಾಜಿನ ಮೇಲೆ ಮಗಳ ಹೆಸರು, ಕೆಳಗೆ ಎರಡು ಕೆಂಪು ಹೂವು. ಲಾರಿಯನ್ನು ಅವರು ಬಟ್ಟೆಯಿಂದ ಒರೆಸುವುದನ್ನು ನೋಡಿದರೆ ನನಗೆ ನನ್ನ ಮಗಳ ತಲೆ ಬಾಚಿದ್ದು ನೆನಪಾಗುತ್ತಿತ್ತು. ಸಾರ್ ಅವರನ್ನು ಕಂಡರೆ ಅವರಿಗೆ ಬಹಳ ಮರ್ಯಾದೆ. "ಸಾಮಿ" ಎಂದೇ ಕರೆಯುತ್ತಿದ್ದರು. ನಾವು ಮೂವರು ಕ್ಯಾಂಟೀನಿನಲ್ಲಿ ಸೇರಿದರೆ ಮೂರು ಕನ್ನಡಗಳ ಸಂತೆಯಾಗುತ್ತಿತ್ತು.

ಆ ವರ್ಷದ ಆಯುಧಪೂಜೆಯ ದಿನ ಅವರ ಲಾರಿ ತಡವಾಗಿ ಬಂತು. ಗುರುಕ್ಕಳ್ ಪೂಜೆ ಮುಗಿಸಿ ಹೊರಟುಹೋಗಿದ್ದರು. ಟೊಲ್ಯೂಯಿನ್ ತುಂಬಿದ ಲಾರಿಯನ್ನು ನಿಲ್ಲಿಸಿ, ಚಕ್ರಕ್ಕೆ ಅಡ್ಡ ಮರದ ತುಂಡು ಕೊಟ್ಟು, ಪೈಪು ಜೋಡಿಸಿ ಇಳಿಸಲು ಶುರುಮಾಡಿಯಾಗಿತ್ತು. ವರ್ಷಕ್ಕೆ ಒಂದೇ ದಿನ, ತನ್ನ ಲಾರಿಗೆ ಮಾತ್ರ ಪೂಜೆಯಿಲ್ಲ ಎಂಬುದು ಆ ಮನುಷ್ಯನಿಗೆ ತಡೆಯಲಾಗಲಿಲ್ಲ. ಗೇಟಿನಿಂದ ಕುಂಕುಮ, ಸೇವಂತಿಗೆ ಹಾರ, ನಾಲ್ಕು ನಿಂಬೆಹಣ್ಣು ತಂದು ಸಾರ್ ಮುಂದೆ ನಿಂತರು. ನಾನು ಸ್ಯಾಂಪಲ್ ತರಿಸಲು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ.

"ಸಾಮಿ, ಕರ್ಪೂರ ಇಲ್ಲ, ಊದ್ಗಡ್ಡಿ ಇಲ್ಲ. ಬರೀ ನಿಂಬೆಹಣ್ಣು. ಒಂದ್ ನಿಮಿಷ ಪಂಪ್ ನಿಲ್ಸಿದ್ರೆ ವಂಡಿಗೆ ಪೂಜೆ ಮಾಡ್ಕೋತೀನಿ."

ಸಾರ್ ಡ್ರೈವರ್ ಕೈಯನ್ನೂ ಜೇಬನ್ನೂ ನೋಡಿದರು. ಬೆಂಕಿಪೊಟ್ಟಣ ಇರಲಿಲ್ಲ. "ಆಯ್ತು, ಮಾಡ್ಕಣಿ" ಎಂದು ನಕ್ಕರು.

ಪಂಪು ನಿಂತಿತು. ಪಂಪಿನವನು ಸುಂಡಲ್ ಪ್ರಸಾದ ತರಲು ಹೋದ. ಡ್ರೈವರ್ ಲಾರಿಗೆ ಕುಂಕುಮವಿಟ್ಟರು, ಹಾರ ಹಾಕಿದರು, ಅಡ್ಡ ಕೊಟ್ಟ ಮರದ ತುಂಡುಗಳನ್ನು ತೆಗೆದು ಚಕ್ರಗಳ ಮುಂದೆ ನಿಂಬೆಹಣ್ಣಿಟ್ಟರು, ಕೈಮುಗಿದರು. ಆಮೇಲೆ ಸೀಟಿಗೆ ಹತ್ತಿ, ಪ್ರತಿವರ್ಷ ಮಾಡುವ ಹಾಗೆ ಇಂಜಿನ್ ಹೊಡೆದು ಮುಂದಕ್ಕೆ ಬಿಟ್ಟರು. ನಿಂಬೆಹಣ್ಣು ಒಡೆದವು. ಹಿಂದೆ ಪೈಪು ಇನ್ನೂ ಜೋಡಿಸಿಯೇ ಇತ್ತು. ಅದು ಬಿಗಿದು, ಲಾರಿಯ ಹೊಟ್ಟೆಯಡಿಯ ವಾಲ್ವನ್ನೇ ಕಿತ್ತುಕೊಂಡಿತು.

ಮುಚ್ಚಲು ಅಲ್ಲಿ ಏನೂ ಉಳಿದಿರಲಿಲ್ಲ. ಟೊಲ್ಯೂಯಿನ್ ಕಾಂಕ್ರೀಟಿನ ಮೇಲೆ ಸುರಿಯತೊಡಗಿತು. ಸಾರ್ ಕೂಗಿದ ಕೂಗಿಗೆ ಡ್ರೈವರ್ ಇಂಜಿನ್ ಆರಿಸಿ ಕೆಳಗೆ ಹಾರಿದರು. ಸೈರನ್ ಹೊಡೆಯಿತು. ಮಧ್ಯಾಹ್ನದ ಕಡಲಗಾಳಿ ಪೂರ್ವದಿಂದ ಬೀಸುತ್ತಿತ್ತು. ಎಲ್ಲರನ್ನೂ ಪೂರ್ವದ ಗೋಡೆಯ ಕಡೆಗೆ ಓಡಿಸಿದರು. ಇಬ್ಬರು ವಾಚ್‌ಮನ್‌ಗಳನ್ನು ಸುತ್ತಿನ ದಾರಿಯಲ್ಲಿ, ಗಾಳಿ ಹೋಗುವ ಕಡೆಗಿದ್ದ ಪಶ್ಚಿಮದ ಬೀದಿಗೆ ಕಳಿಸಿ, ಅಲ್ಲಿನ ವರ್ಕ್‌ಶಾಪುಗಳ ಜನರನ್ನೆಲ್ಲ ಎಬ್ಬಿಸಿ ದೂರ ಕಳಿಸುವಂತೆ ಹೇಳಿದರು. ಅಗ್ನಿಶಾಮಕದವರಿಗೆ ಫೋನು ಹೋಯಿತು. ಚರಂಡಿಯ ಬಾಯಿಗೆ ಮರಳಿನ ಚೀಲ ಬಿತ್ತು. ಬೆಂಕಿಪಡೆ ದೂರದಿಂದ ನೊರೆ ಹಾಯಿಸತೊಡಗಿತು. ವಾರವಾರದ ಅಭ್ಯಾಸ ಎಲ್ಲರ ಕಾಲಲ್ಲಿತ್ತು.

ಆಗ ಡ್ರೈವರ್ ಕೀಲಿ ಕೈಯಲ್ಲಿ ಹಿಡಿದು ಲಾರಿಯ ಕಡೆ ವಾಪಸು ಓಡಿದರು. ಲಾರಿ ನಿಂತಿದ್ದದ್ದು ಚೆಲ್ಲಿದ ಟೊಲ್ಯೂಯಿನ್ನಿನ ಹೊಂಡದ ನಡುವೆ. "ಒಂದ್ ಸೆಲ್ಫ್ ಸಾಮಿ, ಒಂದೇ ಸೆಲ್ಫ್, ಆಚೆ ತಂದ್ಬುಡ್ತೀನಿ" ಎಂದು ಕೂಗುತ್ತಿದ್ದರು. ಇಂಜಿನ್ ಹೊಡೆಯುವ ಆ ಒಂದು ಸೆಲ್ಫಿನ ಕಿಡಿಯೇ ಸಾಕು ಎಂದು ಹೇಳಿ ತಿಳಿಸುವ ಹೊತ್ತು ಅದಲ್ಲ. ಸಾರ್ ಅಡ್ಡ ಹೋಗಿ ಅವರ ಸೊಂಟ ತಬ್ಬಿಕೊಂಡರು. ನಿವೃತ್ತಿಗೆ ಹತ್ತಿರವಾಗಿದ್ದ ಸಣಕಲು ಮನುಷ್ಯ, ಅವರ ಎರಡರಷ್ಟು ತೂಕದ ಡ್ರೈವರ್. ಇಬ್ಬರೂ ಬಿದ್ದರು. ಅಂಗಿ ಹರಿಯಿತು. ಸಾರ್ ಡ್ರೈವರ್ ಬೆನ್ನ ಮೇಲೆ ಕೂತುಬಿಟ್ಟರು. ಪಂಪಿನ ಹುಡುಗರು ಬಂದು ಎಳೆದುಕೊಂಡು ಹೋಗುವವರೆಗೂ ಕೂತೇ ಇದ್ದರು. ಡ್ರೈವರ್ ಮೂರು ಭಾಷೆಗಳಲ್ಲಿ ಅವರ ವಂಶವನ್ನೆಲ್ಲ ಜಾಲಾಡಿದರು. ಪುಕ್ಕಲ, ಓಡುಂಗ ಸಾರ್, ಎಂದು ಅವರ ಮುಖಕ್ಕೇ ಅಂದದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ.

ನೊರೆ ಅರ್ಧ ಹೊಂಡ ಮುಚ್ಚಿತ್ತು. ಪಶ್ಚಿಮದ ಗೋಡೆಯ ಹತ್ತಿರ ಮೀಟರು ಬಿಡದೆ ಕೂಗತೊಡಗಿತು. ಆವಿ ನೆಲ ಹಿಡಿದು ಗೋಡೆಯ ಆಚೆ ಹೋಗಿಯಾಗಿತ್ತು. ಸಾರ್ ತಮ್ಮ ಪಡೆಯನ್ನೂ ಹಿಂದಕ್ಕೆ ಕರೆದರು. "ಪೈಪ್ ಅಲ್ಲೇ ಬಿಡಿ. ಓಡುಂಗ." ಅವರು ಬಿಟ್ಟು ಓಡಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. "ಪಾರ್ಥೀಂಗಳಾ, ಒಣ್ಣುಮೇ ಆಗಲೆ" ನೋಡಿದಿರಾ, ಏನೂ ಆಗಲಿಲ್ಲ ಎಂದು ನನ್ನ ಪಕ್ಕದಲ್ಲಿ ಯಾರೋ ಅಂದರು. ಅಷ್ಟರಲ್ಲಿ ಗೋಡೆಯ ಆಚೆಯ ಬೀದಿಯಿಂದ, ನೆಲದ ಮೇಲೆ, ಬೆಂಕಿ ಓಡಿ ಬಂತು. ನಮ್ಮ ಗೇಟಿನ ಕರ್ಪೂರಕ್ಕೆ ಅವರು ನೀರು ಹಾಕಿಸಿದ್ದರು. ಬೀದಿಯಲ್ಲಿ ಒಡೆದ ಎಷ್ಟೋ ಕುಂಬಳಕಾಯಿಗಳಲ್ಲಿ ಒಂದರ ಕರ್ಪೂರ ಇನ್ನೂ ಆರಿರಲಿಲ್ಲ.

ಆಮೇಲೆ ಅವರೇ ಮೊದಲು ಹಿಂತಿರುಗಿ ಹೋದರು. ಟ್ಯಾಂಕುಗಳಿಗೆ ನೀರು, ಹೊಂಡಕ್ಕೆ ನೊರೆ. ನಗರದ ಅಗ್ನಿಶಾಮಕದವರು ಬಂದರು. ಸಂಜೆಯ ಹೊತ್ತಿಗೆ ಎಲ್ಲ ಆರಿತ್ತು. ಯಾರ ಕೂದಲೂ ಕೊಂಕಿರಲಿಲ್ಲ. ಲಾರಿಯೊಂದು ಮಾತ್ರ ಕರಿ ಅಸ್ಥಿಪಂಜರವಾಗಿ ನೊರೆಯಲ್ಲಿ ನಿಂತಿತ್ತು. ಸಾರ್ ಡ್ರೈವರ್ ಹತ್ತಿರ ಹೋಗಿ ನಿಂತರು. ಅವರು ಮುಖ ತಿರುಗಿಸಿ ನೆಲಕ್ಕೆ ಉಗುಳಿದರು.

ವಿಚಾರಣೆಯಲ್ಲಿ ತಪ್ಪನ್ನು ಡ್ರೈವರ್ ತಲೆಗೆ ಕಟ್ಟುವುದೆಂದು ಮೇಲಿನವರು ಆಗಲೇ ತೀರ್ಮಾನಿಸಿಕೊಂಡು ಬಂದಿದ್ದರು. ಹಾಗಾದರೆ ಆತನಿಗೆ ಯಾವ ಡಿಪೋದ ಗೇಟೂ ತೆರೆಯುತ್ತಿರಲಿಲ್ಲ. ಸಾರ್ ಎದ್ದು ನಿಂತರು. "ಮರದ ತುಂಡು ತೆಗೆಯೋದನ್ನು ನೋಡ್ತಾ ನಿಂತವನು ನಾನು. ನಿಂಬೆಹಣ್ಣಿಗೆ ಆಯ್ತು ಅಂದವನು ನಾನು. ಇಷ್ಟು ವರ್ಷ ಕರ್ಪೂರವನ್ನೇ ಕಾದೆ. ಚಕ್ರ ನನ್ನ ಕಣ್ಣ ಮುಂದೆ ಇತ್ತು, ಕಾಣಲಿಲ್ಲ. ತಪ್ಪು ನನ್ನದು" ಎಂದು ಇಂಗ್ಲಿಷಿನಲ್ಲಿ, ಅಳೆದು ತೂಗಿ ಹೇಳಿದರು. ಸಾಕ್ಷಿಗೆಂದು ಕರೆದಿದ್ದ ನಾನು ಅಲ್ಲೇ ಕುಳಿತಿದ್ದೆ. ಡ್ರೈವರ್‌ಗೆ ಗೇಟು ತೆರೆದೇ ಉಳಿಯಿತು. ಇವರನ್ನು ಸೇಫ್ಟಿಯಿಂದ ತೆಗೆದು ತರಬೇತಿ ಕೋಣೆಗೆ ಹಾಕಿದರು. ನಿವೃತ್ತಿಯವರೆಗೆ ಅಲ್ಲಿ ಹೊಸಬರಿಗೆ ದೋಸೆಹಿಟ್ಟಿನ ಪಾಠ ಹೇಳಿದರು. ಆ ಕೋಣೆಯಲ್ಲಿ ಮೊದಲ ಪಾಠ ಬೆಂಕಿಯದಲ್ಲ, ನಿಂಬೆಹಣ್ಣಿನದು. ತಮ್ಮ ತಪ್ಪನ್ನು ಪ್ರತಿ ತಂಡಕ್ಕೂ ಮೊದಲಿನಿಂದ ಕೊನೆಯವರೆಗೆ ಹೇಳುತ್ತಿದ್ದರು. ನಾಚಿಕೆ ಪಡುತ್ತಿರಲಿಲ್ಲ.

ಅವರನ್ನು ತಿಂದದ್ದು ಬೇರೆ. ಲಾರಿಗಳ ಸಾಲಿನಲ್ಲಿ ಒಂದು ಮಾತು ಎದ್ದಿತ್ತು. ಚೆಲ್ಲಿದ ಕೂಡಲೇ ಬಿಟ್ಟಿದ್ದರೆ ಲಾರಿ ಆಚೆ ಬರುತ್ತಿತ್ತು, ಬೆಂಕಿ ಬಂದದ್ದು ಎಷ್ಟೋ ಹೊತ್ತಿನ ಮೇಲೆ, ಓಡುಂಗ ಸಾರ್ ಹೆದರಿ ಒಬ್ಬನ ಬದುಕು ಸುಟ್ಟ ಎಂದು. ನನಗೆ ಇದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಎಷ್ಟು ಜನರ ಹತ್ತಿರ ಜಗಳವಾಡಿದೆನೋ. ಬೆಂಕಿ ಬರುವ ಹೊತ್ತನ್ನು ಮೊದಲೇ ತಿಳಿಸಿ ಬರುತ್ತದೆಯೇ? ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡಬೇಕಿತ್ತು. ಅಷ್ಟು ಧೈರ್ಯ ಇರುತ್ತಿತ್ತೋ ಇಲ್ಲವೋ. ಅವರು ಮಾತ್ರ ಜಗಳಕ್ಕೆ ಬರಲಿಲ್ಲ. ಡ್ರೈವರ್ ಬೇರೆಯವರ ಲಾರಿ ಓಡಿಸಿಕೊಂಡು ಬಂದಾಗಲೆಲ್ಲ ಪಾರ್ಕಿಂಗಿನ ತನಕ ನಡೆದು ಹೋಗುವರು. ಡ್ರೈವರ್ ಕ್ಯಾಬಿನ್ನಿನ ಗಾಜು ಏರಿಸಿಕೊಳ್ಳುವರು. ಇವರು ಸ್ವಲ್ಪ ಹೊತ್ತು ನಿಂತು ಬರುವರು.

"ಕ್ಷಮೆ ಗಿಮೆ ಎಂತ ಬೇಡ ಮಾರಾಯ್ರೆ" ಎಂದರು ಒಂದು ದಿನ, ನನ್ನ ಲ್ಯಾಬಿನಲ್ಲಿ ಕಾಫಿ ಕುಡಿಯುತ್ತ. "ಅವರು ಒಂದು ಸಲ ಬಂದು ಬಾಯಿ ಬಿಡ್ಲಿ. ಬೈಯೂದಾದ್ರೆ ಬೈದು ಮುಗಿಸ್ಲಿ. ಆ ದಿನದ್ದು ಅರ್ಧಕ್ಕೇ ನಿಂತಿದೆ ಕಾಣಿ."

ನಿವೃತ್ತಿಯ ನಂತರ ಅಡ್ಯಾರಿನ ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಕಾಯಿಲೆ ಬಂದು ಧ್ವನಿ ಇಳಿದ ಮೇಲೂ ಕಾಫಿ ಚೆನ್ನಾಗಿಲ್ಲದಿದ್ದರೆ ಹೇಳುತ್ತಿದ್ದರು. ಡಿಪೋದ ಸುದ್ದಿಯೆಲ್ಲ ಕೇಳಿದ ಮೇಲೆ, ನಾನು ಎದ್ದು ಹೊರಡುವ ಹೊತ್ತಿಗೆ, ಕಿಟಕಿಯ ಕಡೆ ನೋಡುತ್ತ ಒಂದು ಪ್ರಶ್ನೆ ಬರುತ್ತಿತ್ತು: "ಅವರು ಸಿಕ್ಕಿದ್ರಾ? ಎಂತಾದ್ರೂ ಹೇಳಿದ್ರಾ?" ಇಲ್ಲ ಸರ್ ಎಂದು ಹೇಳಿ ಹೇಳಿ ನನಗೇ ಸಾಕಾಗಿತ್ತು.

ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಅಡ್ಯಾರಿನ ಮನೆಯಲ್ಲೇ ನಡೆಯಿತು. ತಮ್ಮನ ಹೋಟೆಲಿನ ಅಡುಗೆಯವರೇ ಬಂದು ಬಡಿಸುತ್ತಿದ್ದರು. ಮೊದಲ ಪಂಕ್ತಿ ಎದ್ದಿತ್ತು. ನಾನು ಹೊರಗಿನ ಜಗಲಿಯಲ್ಲಿ ಕೂತಿದ್ದೆ. ಗೇಟಿನ ಹತ್ತಿರ ಒಬ್ಬರು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಆದರೂ ಗುರುತು ಸಿಕ್ಕಿತು. ಹೊಸೂರಿನ ಡ್ರೈವರ್.

"ನಿನ್ನೆ ಡಿಪೋದಲ್ಲಿ ಹೇಳುದ್ರಮ್ಮಾ" ಎಂದರು. "ಬಸ್ ಹಿಡ್ಕೊಂಡು ಬಂದ್ಬುಟ್ಟೆ."

ನಾನು ಕೂರಲು ಹೇಳಿದೆ. ಅವರು ಜಗಲಿಯ ತುದಿಯಲ್ಲಿ ಕೂತು, ನನ್ನ ಕಡೆ ನೋಡದೆಯೇ ಹೇಳಿದರು.

"ನಾಕ್ ತಿಂಗಳ ಹಿಂದೆ ಅಮ್ಮಾ, ಕೃಷ್ಣಗಿರಿ ಹತ್ರ. ನನ್ ಮುಂದ್ಗಡೆ ಹೋಗ್ತಿದ್ದ ಟ್ಯಾಂಕರ್ ರೋಡ್ ಪಕ್ಕ ಇಳ್ದು ಸಿಕ್ಕಾಕ್ಕೊಂತು. ಅಡಿನಾಗೆ ಸೋರ್ತಾ ಐತೆ, ಥಿನ್ನರ್ ವಾಸನೆ. ಆ ಡ್ರೈವರ್ ಸೆಲ್ಫ್ ಹೊಡೀತಾವ್ನೆ. ನಾನ್ ಹೋಗಿ ಅವ್ನ ಕಾಲ್ ಹಿಡ್ದು ಕೆಳಿಕ್ ಎಳ್ದು, ದರದರ ಗಾಳಿ ಬರೋ ಕಡೆ ಎಳ್ಕೊಂಡು ಓಡ್ದೆ. ಕೈ ತಾನೇ ಮಾಡ್ಬುಡ್ತು, ನಾನ್ ಮಾಡ್ಲಿಲ್ಲ."

"ಆಮ್ಯಾಲೇನಾತ್ರಿ?" ಎಂದೆ.

"ಏನೂ ಆಗ್ಲಿಲ್ಲ. ಫೈರ್ ವಂಡಿ ಬಂತು, ನೊರೆ ಹಾಕುದ್ರು, ಲಾರಿ ಮೇಲಿಕ್ ಎತ್ತುದ್ರು. ಒಂದ್ ಕಿಡಿ ಇಲ್ಲ. ಅದ್ಕೇ ಅವ್ನಿಗೆ ನನ್ ಮ್ಯಾಲೆ ಕೋಪ. ಎಲ್ರ ಮುಂದೆ ಮುದುಕ ಹೆದ್ರುಕೊಂಡ, ನನ್ ಮಾನ ತೆಗ್ದ ಅಂತ ಕೆನ್ನೆಗೆ ಹೊಡ್ದ. ಇವತ್ತೂ ಲೈನ್ನಾಗೆ ಸಿಕ್ರೆ ಉಗೀತಾನೆ." ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಅವತ್ತೇ ಸಾಮೀನ ನೋಡ್ಬೇಕು ಅನ್ಸ್ತು. ನಾಳೆ ಹೋಗಾಣ, ನಾಳೆ ಹೋಗಾಣ ಅಂತಿದ್ದೆ. ಏನ್ ಮೊಕ ಇಟ್ಕೊಂಡು ಹೋಗ್ಲಿ? ನಂದೂ ಒಂದ್ ಮಾತ್ ಕೇಳೋದಿತ್ತು. ಸರಿ ಮಾಡುದ್ಮೇಲೂ ಬೈಸ್ಕೋತಾ ಇದ್ರೆ ಇದನ್ನ ಎಷ್ಟ್ ದಿನ ಹೊತ್ಕೊಂಡಿರ್ಬೇಕು ಸಾಮಿ ಅಂತ."

ಹಿಂದೆ ಬಾಗಿಲಲ್ಲಿ ಸಾರ್ ಹೆಂಡತಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಆತನನ್ನು ಅವರು ಹಿಂದೆ ನೋಡಿದವರಲ್ಲ. ಆದರೆ ಯಾರು ಎಂದು ಕೇಳಲಿಲ್ಲ.

"ಇವ್ರ್ ನಿಮ್ಮನ್ನ್ ಕಡೀ ವರೆಗೂ ಕಾಯ್ತಿದ್ರ್" ಎಂದರು. "ಇವ್ರ ಹೊರೆ ಇವತ್ತಿಗ್ ಇಳೀತ್ ಕಾಣಿ. ಬನ್ನಿ, ಉಂಬುಕ್ ಏಳಿ."

ಡ್ರೈವರ್ ಎದ್ದರು. ಒಳಗೆ ಎರಡನೆಯ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಬಾಗಿಲ ಪಕ್ಕದ ಎಲೆಯ ಮುಂದೆ ಯಾರೂ ಕೂತಿರಲಿಲ್ಲ. ಅವರು ಅಲ್ಲಿ ಕೂತು, ಅನ್ನ ಬಡಿಸುವ ಮೊದಲೇ, ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತರು.